ಕಾರ್ಖಾನೆಯ ಕೊಳೆನೀರಿನಿಂದ ಬಯೋಗ್ಯಾಸ್: ಡೈಜೆಸ್ಟರ್ ಹುಳಿಯಾಗದಂತೆ ಶುರು ಮಾಡುವ ಕ್ರಮ

ಬನವಾಸಿ ಕಡೆಯ ಅನಾನಸ್ ತಿರುಳಿನ ಘಟಕ ಇರಲಿ, ಕಾರವಾರದ ಮೀನು ಸಂಸ್ಕರಣೆಯ ಶೆಡ್ ಇರಲಿ, ದೂರು ಹೆಚ್ಚುಕಡಿಮೆ ಒಂದೇ. ಡೈಜೆಸ್ಟರ್ (ಗಾಳಿಯಿಲ್ಲದೆ ಕೊಳೆಸಿ ಗ್ಯಾಸ್ ಮಾಡುವ ಮುಚ್ಚಿದ ಟ್ಯಾಂಕ್) ಕಟ್ಟಿದೆವು, ಸೆಗಣಿ ಹಾಕಿದೆವು, ಕೊಳೆನೀರು ಬಿಟ್ಟೆವು. ಎರಡು ವಾರ ಗ್ಯಾಸ್ ಬಂತು. ಮೂರನೇ ವಾರ ಒಲೆ ಹತ್ತಲಿಲ್ಲ, ಟ್ಯಾಂಕ್ ಹುಳಿ ವಾಸನೆ ಹೊಡೆಯಲು ಶುರುವಾಯಿತು. ಹೊಸ ಸೆಗಣಿ ತಂದು ಹಾಕಿದರೂ ಮತ್ತೆ ಅದೇ ಕಥೆ.

ಇದಕ್ಕೆ ಕಾರಣ ಟ್ಯಾಂಕಿನ ಒಳಗಿದೆ. ಗಾಳಿಯಿಲ್ಲದ ಆ ಜಾಗದಲ್ಲಿ ಮುಖ್ಯವಾಗಿ ಎರಡು ಗುಂಪಿನ ಸೂಕ್ಷ್ಮಜೀವಿಗಳು ಕೆಲಸ ಮಾಡುತ್ತವೆ. ಒಂದು ಗುಂಪು ಸಕ್ಕರೆ, ಪ್ರೋಟೀನು, ಕೊಬ್ಬನ್ನು ಮುರಿದು ಆಮ್ಲ ಮಾಡುತ್ತದೆ. ಇನ್ನೊಂದು ಗುಂಪು ಆ ಆಮ್ಲವನ್ನು ತಿಂದು ಮೀಥೇನ್ ಕೊಡುತ್ತದೆ. ಆಮ್ಲ ಮಾಡುವವು ಕೆಲವು ಗಂಟೆಗಳಲ್ಲೇ ಇಮ್ಮಡಿಯಾಗುತ್ತವೆ. ಮೀಥೇನ್ ಮಾಡುವವಕ್ಕೆ ಅದೇ ಕೆಲಸಕ್ಕೆ ಹಲವು ದಿನ ಬೇಕು. ಮೊದಲ ದಿನದಿಂದಲೇ ಪೂರ್ತಿ ನೀರು ಬಿಟ್ಟರೆ ಅದು ಹಸುಗೂಸಿಗೆ ಹಬ್ಬದೂಟ ಬಡಿಸಿದ ಹಾಗೆ. ಆಮ್ಲ ತಿನ್ನುವವರಿಲ್ಲದೆ ಟ್ಯಾಂಕಿನಲ್ಲೇ ಉಳಿಯುತ್ತದೆ, ಮೀಥೇನ್ ಜೀವಿಗಳು ಅದರಲ್ಲೇ ಸೊರಗುತ್ತವೆ. ಕೆಳಗಿನ ಹಂತಗಳೆಲ್ಲ ಇದನ್ನು ತಪ್ಪಿಸುವುದಕ್ಕೇ ಇವೆ. ಕ್ರಮ ಬದಲಿಸಬೇಡಿ.

## ಹಂತ 1: ಮೊದಲು ನೀರನ್ನು ಅಳೆಯಿರಿ

ಟ್ಯಾಂಕಿನ ನಕ್ಷೆಗಿಂತ ಮೊದಲು ಬೇಕಾದದ್ದು ಎರಡು ಲೆಕ್ಕ: ದಿನಕ್ಕೆ ಎಷ್ಟು ಲೀಟರ್ ನೀರು, ಅದರಲ್ಲಿ ಎಷ್ಟು ಸಿಒಡಿ. ನೀರಿನಲ್ಲಿರುವ ಕೊಳೆಯುವ ವಸ್ತುವಿನ ಅಂದಾಜು ಅಳತೆಯೇ ಸಿಒಡಿ. ಒಂದೇ ಬಾಟಲಿ ತುಂಬಿಸಿ ಲ್ಯಾಬಿಗೆ ಕಳಿಸಿದರೆ ಸಾಲದು. ಬೆಳಿಗ್ಗೆ ಹಣ್ಣು ತೊಳೆದ ನೀರು ತೆಳು, ಮಧ್ಯಾಹ್ನ ತಿರುಳಿನ ಯಂತ್ರ ತೊಳೆದ ನೀರು ದಪ್ಪ. ಕೆಲಸದ ಹೊತ್ತಿನಲ್ಲಿ ಗಂಟೆಗೊಮ್ಮೆ ಒಂದೊಂದು ಲೋಟ ಹಿಡಿದು, ಎಲ್ಲವನ್ನೂ ಕೂಡಿಸಿ, ಅದರಿಂದ ಮಾದರಿ ತೆಗೆಯಿರಿ. ಕನಿಷ್ಠ ಒಂದು ವಾರ ಹೀಗೆ ಮಾಡಿ.

ಸಿಒಡಿ ಜೊತೆಗೆ ಪಿಎಚ್ (ನೀರಿನ ಹುಳಿಯ ಅಳತೆ; 7ಕ್ಕಿಂತ ಕೆಳಗಿದ್ದರೆ ಹುಳಿ), ಕ್ಷಾರೀಯತೆ (ಆಮ್ಲವನ್ನು ತಡೆಯುವ ಶಕ್ತಿ), ಎಣ್ಣೆ-ಕೊಬ್ಬು, ಸಾರಜನಕ, ರಂಜಕ, ಸಲ್ಫೇಟ್, ಉಪ್ಪು ಇಷ್ಟನ್ನೂ ಕೇಳಿ. ಕರಾವಳಿಯ ಘಟಕಗಳು ಕೊನೆಯ ಎರಡನ್ನು ಬಿಡಲೇಬಾರದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅನಾನಸ್ ಘಟಕದಿಂದ ದಿನಕ್ಕೆ 10,000 ಲೀಟರ್ ನೀರು, ಸಿಒಡಿ ಲೀಟರಿಗೆ 6,000 ಮಿಲಿಗ್ರಾಂ. ಅಂದರೆ ದಿನಕ್ಕೆ 60 ಕಿಲೋ ಸಿಒಡಿ. ಮುಂದೆ ಇದೇ ಲೆಕ್ಕ ಬರುತ್ತದೆ.

## ಹಂತ 2: ಒಳಗೆ ಬಿಡಬಾರದ ನೀರನ್ನು ಬೇರೆ ಮಾಡಿ

ಇದಕ್ಕೆ ಖರ್ಚು ಕಡಿಮೆ, ಲಾಭ ಜಾಸ್ತಿ. ಒಂದು ಬೇರೆ ಪೈಪು, ಒಂದು ವಾಲ್ವ್ ಸಾಕು.

ಬ್ಲೀಚಿಂಗ್ ನೀರು, ಕ್ಲೋರಿನ್ ದ್ರಾವಣ, ಕ್ರಿಮಿನಾಶಕ ಸೋಪು ಬಳಸಿ ನೆಲ ತೊಳೆದ ನೀರು ಡೈಜೆಸ್ಟರಿಗೆ ಹೋಗಬಾರದು. ಹೊರಗಿನ ಕ್ರಿಮಿಯನ್ನು ಕೊಲ್ಲುವುದು ಒಳಗಿನದನ್ನೂ ಕೊಲ್ಲುತ್ತದೆ, ಅಲ್ವಾ? ವಾರಕ್ಕೊಮ್ಮೆ ನಡೆಯುವ ದೊಡ್ಡ ತೊಳೆತದ ಮರುದಿನ ಗ್ಯಾಸ್ ಬಿದ್ದರೆ ಮೊದಲು ಇಲ್ಲಿ ನೋಡಿ.

ಅಡಿಕೆ ಬೇಯಿಸಿದ ಚೊಗರನ್ನು ಸುಮ್ನೆ ಎಸೆಯುವ ಬದಲು ಇದಕ್ಕೇ ಹಾಕೋಣ ಎಂದು ಶಿರಸಿ, ಸಿದ್ದಾಪುರದ ಕಡೆಯವರು ಕೇಳುವುದುಂಟು. ಬೇಡ. ಅದರಲ್ಲಿರುವ ಟ್ಯಾನಿನ್ ಮೀಥೇನ್ ಜೀವಿಗಳಿಗೆ ವಿಷ.

ಕರಾವಳಿಯ ದೊಡ್ಡ ತೊಂದರೆ ಸಮುದ್ರದ ನೀರು. ಮೀನು ತೊಳೆಯಲು, ನೆಲ ತೊಳೆಯಲು ಅದನ್ನು ಬಳಸಿದರೆ ಉಪ್ಪಿನ ಜೊತೆ ಸಲ್ಫೇಟೂ ಬರುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 2,700 ಮಿಲಿಗ್ರಾಂ ಸಲ್ಫೇಟ್ ಇರುತ್ತದೆ. ಸಲ್ಫೇಟ್ ಇದ್ದಲ್ಲಿ ಬೇರೊಂದು ಜಾತಿಯ ಸೂಕ್ಷ್ಮಜೀವಿ ಬೆಳೆದು, ಮೀಥೇನ್ ಆಗಬೇಕಾದ ಆಹಾರವನ್ನು ತಾನೇ ತಿಂದು, ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ. ಸಿಒಡಿಯು ಸಲ್ಫೇಟಿನ ಹತ್ತು ಪಟ್ಟಿಗಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ನಿಮ್ಮ ಕೊಳೆನೀರಿನ ಮೂರನೇ ಒಂದು ಪಾಲು ಸಮುದ್ರದ್ದಾಗಿದ್ದು ಸಿಒಡಿ 3,000 ಇದ್ದರೆ ಆ ಅನುಪಾತ ಮೂರರ ಆಸುಪಾಸಿಗೆ ಇಳಿಯುತ್ತದೆ. ಅಂಥ ನೀರಿಗೆ ಡೈಜೆಸ್ಟರ್ ಕಟ್ಟುವ ಮೊದಲು ತೊಳೆಯುವ ನೀರನ್ನು ಸಿಹಿನೀರಿಗೆ ಬದಲಿಸಿ, ಇಲ್ಲವೇ ಆ ಪಾಲನ್ನು ಬೇರೆ ಮಾಡಿ.

ಮಳೆನೀರಿನ ವಿಷಯ ಎಲ್ಲರಿಗೂ ಗೊತ್ತು, ಆದರೂ ಮರೆಯುತ್ತಾರೆ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬೀಳುವ ಕರಾವಳಿಯಲ್ಲಿ ತೆರೆದ ಗಟಾರ ಕೊಳೆನೀರಿಗೆ ಸೇರಿಕೊಂಡರೆ ಟ್ಯಾಂಕ್ ಜೂನ್‌ನಲ್ಲೇ ತೊಳೆದು ಹೋಗುತ್ತದೆ. ಗಟಾರಕ್ಕೆ ಮುಚ್ಚಳ ಹಾಕಿ, ಚಾವಣಿಯ ನೀರಿಗೆ ಬೇರೆ ದಾರಿ ಮಾಡಿ.

## ಹಂತ 3: ಟ್ಯಾಂಕಿನ ಬಗೆ ಮತ್ತು ಗಾತ್ರ

ಶಿರಸಿ ಸೀಮೆಗೆ ಗೋಬರ್ ಗ್ಯಾಸ್ ಹೊಸದಲ್ಲ. ಕೊಟ್ಟಿಗೆ ಇರುವ ಎಷ್ಟೋ ಮನೆಗಳಲ್ಲಿ ಅದರ ಮೇಲೇ ಅಡುಗೆ ನಡೆದಿದೆ. ಆ ಅನುಭವವೇ ಇಲ್ಲಿ ದಾರಿ ತಪ್ಪಿಸುತ್ತದೆ. ಸೆಗಣಿಯಲ್ಲಿ ಬೇಕಾದ ಸೂಕ್ಷ್ಮಜೀವಿಯೂ ಇದೆ, ಆಮ್ಲವನ್ನು ತಡೆಯುವ ಕ್ಷಾರವೂ ಇದೆ. ಜೊತೆಗೆ ಅದು ಟ್ಯಾಂಕಿನಲ್ಲಿ ತಿಂಗಳಿಗೂ ಜಾಸ್ತಿ ನಿಲ್ಲುತ್ತದೆ. ಕಾರ್ಖಾನೆಯ ನೀರಿನಲ್ಲಿ ಈ ಮೂರೂ ಇಲ್ಲ. ತೆಳು ನೀರು ಎರಡು-ಮೂರು ದಿನಗಳಲ್ಲಿ ಹಾದುಹೋಗುತ್ತದೆ, ಹೋಗುವಾಗ ಸೂಕ್ಷ್ಮಜೀವಿಗಳನ್ನೂ ಒಯ್ಯುತ್ತದೆ. ಆದ್ದರಿಂದ ಗೋಬರ್ ಗ್ಯಾಸಿನ ಗುಮ್ಮಟವನ್ನೇ ದೊಡ್ಡದಾಗಿ ಕಟ್ಟಿದರೆ ಕೆಲಸ ಆಗುವುದಿಲ್ಲ. ನೀರು ಹೊರಟರೂ ಜೀವಿಗಳು ಒಳಗೇ ಉಳಿಯುವ ವ್ಯವಸ್ಥೆ ಬೇಕು.

ಸಣ್ಣ ಘಟಕಗಳಿಗೆ ನನ್ನ ಆಯ್ಕೆ ಕೆಳಗಿನಿಂದ ಮೇಲೆ ನೀರು ಹರಿಯುವ ಫಿಲ್ಟರ್ ಮಾದರಿ. ಕೆಳಗಿನ ಅರ್ಧದಲ್ಲಿ ಕೆಸರಿನ ಹಾಸು, ಮೇಲಿನ ಅರ್ಧದಲ್ಲಿ ಪ್ಲಾಸ್ಟಿಕ್ ಬಳೆಗಳು ಅಥವಾ ಕತ್ತರಿಸಿದ ಪಿವಿಸಿ ಪೈಪಿನ ತುಂಡುಗಳು. ಜೀವಿಗಳು ಅವುಗಳಿಗೆ ಅಂಟಿಕೊಂಡು ಉಳಿಯುತ್ತವೆ. ಜಲ್ಲಿ ಅಗ್ಗ, ಆದರೆ ಬೇಗ ಕಟ್ಟಿಕೊಳ್ಳುತ್ತದೆ, ಆಮೇಲೆ ತೆಗೆದು ತೊಳೆಯುವುದು ಕಷ್ಟ. ಯುಎಎಸ್‌ಬಿ (ತುಂಡುಗಳಿಲ್ಲದೆ, ಕೆಸರಿನ ಹಾಸಿನ ಮೂಲಕವೇ ನೀರು ಮೇಲಕ್ಕೆ ಹರಿಯುವ ಮಾದರಿ) ಒಳ್ಳೆಯದೇ. ಆದರೆ ಅದಕ್ಕೆ ಹರಳುಗಟ್ಟಿದ ಕೆಸರು ಮತ್ತು ದಿನವೂ ನೋಡಿಕೊಳ್ಳುವ ತರಬೇತಾದ ಕೈ ಬೇಕು.

ಗಾತ್ರದ ಲೆಕ್ಕ ಹೀಗೆ. ಫಿಲ್ಟರ್ ಮಾದರಿಗೆ ದಿನಕ್ಕೆ ಘನಮೀಟರಿಗೆ 2 ಕಿಲೋ ಸಿಒಡಿ ಎಂದು ಹಿಡಿಯಿರಿ. 60 ಕಿಲೋಗೆ 30 ಘನಮೀಟರ್ ಟ್ಯಾಂಕ್. ಎತ್ತರ 4 ಮೀಟರ್ ಇಟ್ಟರೆ ತಳ ಏಳೂವರೆ ಚದರ ಮೀಟರ್. ಇದಕ್ಕಿಂತ ಚಿಕ್ಕದು ಸಾಕು ಎಂದು ಯಾರಾದರೂ ಹೇಳಿದರೆ, ಅದೇ ಬಗೆಯ ನೀರಿನಲ್ಲಿ ಓಡುತ್ತಿರುವ ಘಟಕವನ್ನು ತೋರಿಸಲು ಹೇಳಿ.

ನಮ್ಮಲ್ಲಿ ನೆಲ ಹೆಚ್ಚಾಗಿ ಚಿರೆಕಲ್ಲಿನದು. ಅದರ ರಂಧ್ರಗಳಲ್ಲಿ ನೀರು ಸಲೀಸಾಗಿ ಇಳಿಯುತ್ತದೆ. ಟ್ಯಾಂಕ್ ಸೋರಿದರೆ ಪಕ್ಕದ ಮನೆಯ ಬಾವಿಗೆ ಹೋಗುವುದು ಖಚಿತ. ಆರ್‌ಸಿಸಿ ಕಟ್ಟಿಸಿ, ಸಾದಾ ನೀರು ತುಂಬಿ ಒಂದು ವಾರ ಮಟ್ಟ ನೋಡಿ. ಗ್ಯಾಸ್ ಭಾಗಕ್ಕೆ ಗಾಳಿ ತುಂಬಿ, ಪ್ರತಿ ಜೋಡಣೆಗೂ ಸೋಪು ನೀರು ಹಚ್ಚಿ. ಗುಳ್ಳೆ ಎದ್ದಲ್ಲಿ ಸೋರುತ್ತಿದೆ. ಇವೆರಡು ಆಗದೆ ಮುಂದಕ್ಕೆ ಹೋಗಬೇಡಿ. ಕಟ್ಟಡಕ್ಕೂ ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಬೇಕು. ಸಮುದ್ರದ ದಂಡೆಯಲ್ಲಿ ಭರತರೇಖೆಯಿಂದ (ಉಬ್ಬರದ ನೀರು ಮುಟ್ಟುವ ಗೆರೆ) 500 ಮೀಟರ್ ಒಳಗಿದ್ದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮವನ್ನೂ ನೋಡಬೇಕು.

## ಹಂತ 4: ಡೈಜೆಸ್ಟರಿಗೆ ಮುಂಚಿನ ಟ್ಯಾಂಕ್

ಡೈಜೆಸ್ಟರಿಗೆ ಮೊದಲು ಜಾಲರಿ, ಎಣ್ಣೆ ಹಿಡಿಯುವ ಗುಂಡಿ, ಅದಾದಮೇಲೆ ನೀರು ಕೂಡಿಡುವ ಟ್ಯಾಂಕ್. ಇದೇ ಕ್ರಮ.

ಮೀನಿನ ಘಟಕದಲ್ಲಿ ಜಾಲರಿ ಎರಡು ಬೇಕು: ಒಂದು ತುಂಡು ಹಿಡಿಯಲು, ಇನ್ನೊಂದು ಸಣ್ಣ ಕಣ್ಣಿನದು, ಹುರುಪೆ ಹಿಡಿಯಲು. ಬಂಗುಡೆ, ತಾರ್ಲೆಯಂಥ ಎಣ್ಣೆ ಮೀನಿನ ನೀರಿನಲ್ಲಿ ಕೊಬ್ಬು ಜಾಸ್ತಿ. ಅದು ಒಳಗೆ ಹೋದರೆ ಕೆಸರಿಗೆ ಅಂಟಿಕೊಂಡು ಅದನ್ನು ಮೇಲೆ ತೇಲಿಸುತ್ತದೆ, ಜೀವಿಗಳ ಮೇಲೆ ಪದರ ಕಟ್ಟುತ್ತದೆ. ಎಣ್ಣೆ ಗುಂಡಿಯ ಮೇಲಿನ ಕೆನೆಯನ್ನು ದಿನವೂ ತೆಗೆಯಿರಿ.

ಕೂಡಿಡುವ ಟ್ಯಾಂಕಿನಲ್ಲಿ ಕನಿಷ್ಠ ಒಂದು ದಿನದ ನೀರು ಹಿಡಿಯಬೇಕು. ದಪ್ಪ ನೀರು, ತೆಳು ನೀರು ಇಲ್ಲಿ ಬೆರೆಯುತ್ತದೆ. ಅನಾನಸ್ ನೀರಿನ ಪಿಎಚ್ 4ರ ಹತ್ತಿರ ಇರಬಹುದು. ಅದನ್ನು 6.5ರಿಂದ 7ಕ್ಕೆ ಏರಿಸಿ. ಸುಣ್ಣ ಅಗ್ಗ, ಆದರೆ ಅದನ್ನು ಈ ಟ್ಯಾಂಕಿಗೆ ಮಾತ್ರ ಹಾಕಿ. ನೇರ ಡೈಜೆಸ್ಟರಿಗೆ ಹಾಕಿದರೆ ಸುಣ್ಣವು ಒಳಗಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಒಳಗೆ ನಿರ್ವಾತ ಆಗಿ ಗಾಳಿ ಒಳಗೆ ಎಳೆಯಬಹುದು, ತಳದಲ್ಲಿ ಸುಣ್ಣದ ಗಟ್ಟಿ ಪದರವೂ ಕೂರುತ್ತದೆ.

ಪೋಷಕಾಂಶದ ಲೆಕ್ಕವೂ ಇಲ್ಲೇ. 350 ಪಾಲು ಸಿಒಡಿಗೆ 5 ಪಾಲು ಸಾರಜನಕ, 1 ಪಾಲು ರಂಜಕ ಇರಬೇಕು. ಮೀನಿನ ನೀರಿನಲ್ಲಿ ಸಾರಜನಕ ಧಾರಾಳ. ಹಣ್ಣಿನ ನೀರಿನಲ್ಲಿ ಕೊರತೆ. ನಮ್ಮ 60 ಕಿಲೋ ಉದಾಹರಣೆಯಲ್ಲಿ ಸಾರಜನಕ, ರಂಜಕ ಏನೂ ಇಲ್ಲ ಎಂದುಕೊಂಡರೂ ದಿನಕ್ಕೆ ಒಂದೂವರೆ ಕಿಲೋ ಯೂರಿಯಾ, 850 ಗ್ರಾಂ ಡಿಎಪಿ ಸಾಕು. ಲ್ಯಾಬ್ ವರದಿಯಲ್ಲಿ ಎಷ್ಟಿದೆಯೋ ಅಷ್ಟನ್ನು ಕಳೆಯಿರಿ.

## ಹಂತ 5: ಕೈಗೆ ಸಿಗುವಂತಿರಬೇಕಾದ ಸಾಮಾನು

ಪಿಎಚ್ ಮೀಟರ್ ಮತ್ತು ಅದನ್ನು ಸರಿ ಮಾಡುವ 4, 7ರ ಬಫರ್ ದ್ರಾವಣ. 0.1 ನಾರ್ಮಲ್ ಗಂಧಕಾಮ್ಲ, 25 ಮಿಲಿಲೀಟರ್ ಬ್ಯೂರೆಟ್, 20 ಮಿಲಿಲೀಟರ್ ಪಿಪೆಟ್. ಒಂದು ಲೀಟರಿನ ಅಳತೆ ಸಿಲಿಂಡರ್, ಉಷ್ಣಮಾಪಕ, ಗ್ಯಾಸ್ ಮೀಟರ್, ಒತ್ತಡ ನೋಡಲು ನೀರು ತುಂಬಿದ ಯು ಆಕಾರದ ಕೊಳವೆ. ಹೈಡ್ರೋಜನ್ ಸಲ್ಫೈಡ್ ಹಾಗೂ ಮೀಥೇನ್ ತೋರಿಸುವ, ಕಿಸೆಗೆ ಸಿಕ್ಕಿಸುವ ಅಲಾರಂ. ಗೆರೆ ಹಾಕಿದ ಒಂದು ಪುಸ್ತಕ. ಪುಸ್ತಕ ಇಲ್ಲದ ಕಡೆ ಯಾವ ಮೀಟರೂ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಮುಖ್ಯ ಇರುವುದು ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸ.

## ಹಂತ 6: ಕೆಸರು ತುಂಬುವುದು

ಎಲ್ಲಕ್ಕಿಂತ ಒಳ್ಳೆಯದು ನಿಮ್ಮಂಥದೇ ನೀರಿನಲ್ಲಿ ಓಡುತ್ತಿರುವ ಡೈಜೆಸ್ಟರಿನ ಕೆಸರು. ಸಿಗದಿದ್ದರೆ ಚೆನ್ನಾಗಿ ಉರಿಯುತ್ತಿರುವ ಗೋಬರ್ ಗ್ಯಾಸಿನಿಂದ ಹೊರಬರುವ ಬಗ್ಗಡ. ಹಸಿ ಸೆಗಣಿ ಮೂರನೇ ಆಯ್ಕೆ. ಟ್ಯಾಂಕಿನ ಕಾಲು ಭಾಗದಷ್ಟು ಬಗ್ಗಡ ಬೇಕು. 30 ಘನಮೀಟರಿಗೆ ಏಳು-ಎಂಟು ಸಾವಿರ ಲೀಟರ್. ಒಂದು ಮನೆಯಿಂದ ಇಷ್ಟು ಸಿಗುವುದಿಲ್ಲ, ನಾಲ್ಕಾರು ಮನೆಗಳನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಬಗ್ಗಡವನ್ನು ಜಾಲರಿಯಲ್ಲಿ ಸೋಸಿ. ಹುಲ್ಲು, ನಾರು ಹೋದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಉಳಿದ ಜಾಗಕ್ಕೆ ಸಾದಾ ನೀರು ತುಂಬಿ, ಮುಚ್ಚಿ, ಮೂರು-ನಾಲ್ಕು ದಿನ ಸುಮ್ಮನೆ ಬಿಡಿ. ಒಳಗಿನ ಆಮ್ಲಜನಕ ಮುಗಿಯಲಿ.

ಕಾಲ ಯಾವುದು ಒಳ್ಳೆಯದು? ಈ ಜೀವಿಗಳಿಗೆ ಇಷ್ಟವಾದ ಬಿಸಿ 35ರಿಂದ 37 ಡಿಗ್ರಿ. 20ಕ್ಕಿಂತ ಕೆಳಗೆ ಕೆಲಸ ತೀರಾ ನಿಧಾನ. ಕಾರವಾರ, ಅಂಕೋಲೆ, ಕುಮಟೆಯಲ್ಲಿ ಬಿಸಿಗೆ ಕೊರತೆಯಿಲ್ಲ. ಘಟ್ಟದ ಮೇಲೆ ಡಿಸೆಂಬರ್, ಜನವರಿಯ ರಾತ್ರಿ ಚಳಿ ಜಾಸ್ತಿ. ಶಿರಸಿಯವರು ಫೆಬ್ರವರಿ ಕೊನೆಗೆ ಶುರು ಮಾಡಿದರೆ ಮಳೆಗಾಲಕ್ಕೆ ಮುಂಚೆ ಘಟಕ ಹದಕ್ಕೆ ಬರುತ್ತದೆ.

## ಹಂತ 7: ನಿಧಾನವಾಗಿ ಏರಿಸುವುದು

ಹೆಚ್ಚಿನವರು ಸೋಲುವುದು ಇಲ್ಲಿ.

ಮೊದಲ ವಾರ ಘನಮೀಟರಿಗೆ 0.3 ಕಿಲೋ ಸಿಒಡಿ ಮಾತ್ರ. ನಮ್ಮ ಉದಾಹರಣೆಯಲ್ಲಿ ದಿನಕ್ಕೆ 9 ಕಿಲೋ, ಅಂದರೆ 1,500 ಲೀಟರ್. ಅದನ್ನೂ ಒಂದೇ ಸಲ ಸುರಿಯದೆ ದಿನಕ್ಕೆ ನಾಲ್ಕೈದು ಸಲ ಹಂಚಿ ಬಿಡಿ. ವಾರದ ಕೊನೆಗೆ ಪರೀಕ್ಷೆ ಸರಿ ಇದ್ದರೆ 25 ಪ್ರತಿಶತ ಏರಿಸಿ. ಸರಿ ಇಲ್ಲದಿದ್ದರೆ ಅಲ್ಲೇ ನಿಲ್ಲಿ. ಎಲ್ಲ ನೆಟ್ಟಗೆ ನಡೆದರೂ 1,500ರಿಂದ 10,000 ಲೀಟರಿಗೆ ಮುಟ್ಟಲು ಎರಡು ತಿಂಗಳು ದಾಟುತ್ತದೆ.

ಹಾಗಾದರೆ ಉಳಿದ ನೀರು ಎಲ್ಲಿಗೆ? ಈ ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳದೆ ಶುರು ಮಾಡಿದವರೇ ಎರಡನೇ ವಾರ ಎಲ್ಲ ನೀರನ್ನೂ ಒಳಗೆ ತಳ್ಳುತ್ತಾರೆ. ನಿಧಾನ ಮಾಡಬೇಕೆಂದು ಅವರಿಗೂ ಗೊತ್ತಿರುತ್ತದೆ, ಬೇರೆ ದಾರಿ ಇರುವುದಿಲ್ಲ ಅಷ್ಟೇ. ಆದ್ದರಿಂದ ಉತ್ಪಾದನೆ ಕಡಿಮೆ ಇರುವ ತಿಂಗಳಲ್ಲಿ ಶುರು ಮಾಡಿ. ಹಳೆಯ ಸಂಸ್ಕರಣಾ ವ್ಯವಸ್ಥೆ ಇದ್ದರೆ ಅದನ್ನು ಆಗಲೇ ಕೀಳಬೇಡಿ. ಸುಗ್ಗಿಯ ನಡುವೆ ಹೊಸ ಡೈಜೆಸ್ಟರ್ ಶುರು ಮಾಡುವುದಕ್ಕೆ ನಾನು ಯಾರಿಗೂ ಸಲಹೆ ಕೊಡುವುದಿಲ್ಲ.

ಮೊದಲು ಬರುವ ಗ್ಯಾಸ್ ಉರಿಯುವುದಿಲ್ಲ. ಅದರಲ್ಲಿ ಗಾಳಿಯೂ ಬೆರೆತಿರುತ್ತದೆ, ಕಡ್ಡಿ ಗೀರಿ ನೋಡುವುದು ಅಪಾಯ. ಗ್ಯಾಸ್ ಚೀಲ ಒಂದೆರಡು ಸಲ ತುಂಬಿದ್ದನ್ನು ಎತ್ತರದ ಕೊಳವೆಯಿಂದ ಹೊರಬಿಟ್ಟು, ಆಮೇಲೆ ದೂರದ ಒಲೆಯಲ್ಲಿ ಪರೀಕ್ಷಿಸಿ.

## ಹಂತ 8: ದಿನದ ಪರೀಕ್ಷೆ

ಬರೀ ಪಿಎಚ್ ನೋಡಿ ನಿಶ್ಚಿಂತೆಯಿಂದ ಇರುವುದು ಬಹಳ ಸಾಮಾನ್ಯ ತಪ್ಪು. ನೀರಿನಲ್ಲಿರುವ ಕ್ಷಾರ ಆಮ್ಲವನ್ನು ನುಂಗುತ್ತಾ ಹೋಗುತ್ತದೆ. ಆ ಕ್ಷಾರ ಮುಗಿಯುವ ತನಕ ಪಿಎಚ್ ಅಲ್ಲಾಡುವುದಿಲ್ಲ. ಪಿಎಚ್ 6.5ಕ್ಕೆ ಇಳಿದದ್ದು ಕಂಡಾಗ ಕೆಟ್ಟು ಹಲವು ದಿನ ಆಗಿರುತ್ತದೆ. ನೋಡಬೇಕಾದದ್ದು ಆಮ್ಲಕ್ಕೂ ಕ್ಷಾರಕ್ಕೂ ಇರುವ ಅನುಪಾತ. ಕಲಿತವರಿಗೆ ಹತ್ತು ನಿಮಿಷದ ಕೆಲಸ.

ಡೈಜೆಸ್ಟರಿನ ನೀರನ್ನು ಸೋಸಿ 20 ಮಿಲಿಲೀಟರ್ ತೆಗೆದುಕೊಳ್ಳಿ. ಕಲಕುತ್ತಾ 0.1 ನಾರ್ಮಲ್ ಗಂಧಕಾಮ್ಲವನ್ನು ಹನಿಹನಿಯಾಗಿ ಬಿಡಿ. ಪಿಎಚ್ 5.0ಕ್ಕೆ ಬಂದಾಗ ಎಷ್ಟು ಮಿಲಿಲೀಟರ್ ಹೋಯಿತು ಎಂದು ಬರೆಯಿರಿ. ಅಲ್ಲಿಂದ 4.4ಕ್ಕೆ ಇಳಿಸಲು ಇನ್ನೆಷ್ಟು ಬೇಕಾಯಿತು, ಅದನ್ನೂ ಬರೆಯಿರಿ. ಮೊದಲ ಅಂಕಿಯನ್ನು 250ರಿಂದ ಗುಣಿಸಿದರೆ ಕ್ಷಾರ. ಎರಡನೆಯದನ್ನು 1.66ರಿಂದ ಗುಣಿಸಿ, 0.15 ಕಳೆದು, 500ರಿಂದ ಗುಣಿಸಿದರೆ ಆಮ್ಲ.

ಮೊದಲ ಅಂಕಿ 10, ಎರಡನೆಯದು 0.8 ಎಂದಿಟ್ಟುಕೊಳ್ಳಿ. ಕ್ಷಾರ ಲೀಟರಿಗೆ 2,500 ಮಿಲಿಗ್ರಾಂ, ಆಮ್ಲ 589. ಆಮ್ಲವನ್ನು ಕ್ಷಾರದಿಂದ ಭಾಗಿಸಿದರೆ 0.24. ಇದು ಒಳ್ಳೆಯ ಸ್ಥಿತಿ. 0.3ರ ಒಳಗಿದ್ದರೆ ಏರಿಸಬಹುದು. 0.3ರಿಂದ 0.4ರ ನಡುವೆ ಇದ್ದರೆ ಏರಿಸದೆ ಕಾಯಿರಿ. 0.4 ದಾಟಿದರೆ ನೀರು ಅರ್ಧಕ್ಕೆ ಇಳಿಸಿ. ಕ್ಷಾರ 2,000ಕ್ಕಿಂತ ಕೆಳಗೆ ಹೋಗದಂತೆ ನೋಡಿಕೊಳ್ಳಿ.

ಶುರುವಿನ ತಿಂಗಳುಗಳಲ್ಲಿ ಇದು ದಿನವೂ ಬೇಕು, ಆಮೇಲೆ ವಾರಕ್ಕೆರಡು ಸಲ. ಗ್ಯಾಸ್ ಎಷ್ಟು, ಒಳಗಿನ ಬಿಸಿ ಎಷ್ಟು, ನೀರು ಎಷ್ಟು ಬಿಟ್ಟಿರಿ ಎಂಬುದನ್ನು ದಿನವೂ ಬರೆಯಿರಿ. ಹೊರಬರುವ ನೀರನ್ನು ಲೀಟರ್ ಸಿಲಿಂಡರಿನಲ್ಲಿ ಅರ್ಧ ಗಂಟೆ ನಿಲ್ಲಿಸಿ. ತಳದಲ್ಲಿ ಕೂರುವ ಕೆಸರು ದಿನೇದಿನೇ ಜಾಸ್ತಿಯಾದರೆ ಜೀವಿಗಳು ಹೊರಗೆ ಹೋಗುತ್ತಿವೆ.

## ಹಂತ 9: ಎಚ್ಚರಿಕೆಯ ಗುರುತುಗಳು ಮತ್ತು ಚಿಕಿತ್ಸೆ

ಸಾಮಾನ್ಯವಾಗಿ ಮೊದಲು ಅನುಪಾತ ಏರುತ್ತದೆ. ಆಮೇಲೆ ಬಿಟ್ಟ ನೀರಿಗೆ ತಕ್ಕಷ್ಟು ಗ್ಯಾಸ್ ಬರುವುದಿಲ್ಲ. ನೀಲಿ ಜ್ವಾಲೆ ಸಣಕಲಾಗಿ, ಬರ್ನರಿನಿಂದ ಎದ್ದು ಆರುತ್ತದೆ, ಏಕೆಂದರೆ ಮೀಥೇನ್ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾಗಿದೆ. ಹುಳಿ ವಾಸನೆ ಬರುವುದು ಇದೆಲ್ಲ ಆದಮೇಲೆ. ಪಿಎಚ್ ಬೀಳುವುದು ಕೊನೆಗೆ.

ಹೀಗಾದಾಗ ಮೊದಲ ಕೆಲಸ ನೀರು ನಿಲ್ಲಿಸುವುದು. ಎರಡನೆಯದು, ಹೊರಬರುವ ನೀರನ್ನೇ ಪಂಪಿನಿಂದ ಮತ್ತೆ ಕೆಳಗಿನಿಂದ ಒಳಗೆ ಬಿಡುವುದು. ಮೂರನೆಯದು ಅಡುಗೆ ಸೋಡಾ. 30 ಘನಮೀಟರ್ ಟ್ಯಾಂಕಿನಲ್ಲಿ ಕ್ಷಾರವನ್ನು ಲೀಟರಿಗೆ 1,000 ಮಿಲಿಗ್ರಾಂ ಏರಿಸಲು 50 ಕಿಲೋ ಬೇಕು. ಒಂದೇ ದಿನ ಹಾಕದೆ ನೀರಿನಲ್ಲಿ ಕರಗಿಸಿ ಮೂರು-ನಾಲ್ಕು ದಿನಗಳಲ್ಲಿ ಹಂಚಿ. ಮೊದಲೇ ಉಪ್ಪು ಜಾಸ್ತಿ ಇರುವ ಮೀನಿನ ಘಟಕದಲ್ಲಿ ಇದನ್ನು ಕೈಬಿಗಿ ಹಿಡಿದು ಬಳಸಿ, ಏಕೆಂದರೆ ಸೋಡಿಯಂ ಲೀಟರಿಗೆ 3,500 ಮಿಲಿಗ್ರಾಂ ದಾಟಿದರೆ ಅದೇ ಹೊಸ ತೊಂದರೆ. ಅನುಪಾತ 0.3ಕ್ಕೆ ಇಳಿದ ಮೇಲೆ, ಹಿಂದೆ ಬಿಡುತ್ತಿದ್ದ ನೀರಿನ ಅರ್ಧದಿಂದ ಮತ್ತೆ ಶುರು ಮಾಡಿ. ಸೋಡಾ ಹಾಕುತ್ತಲೇ ಪೂರ್ತಿ ನೀರು ಬಿಡುವುದರಿಂದ ಏನೂ ಆಗುವುದಿಲ್ಲ, ದುಡ್ಡು ಮಾತ್ರ ಖರ್ಚು.

ಮೀನಿನ ನೀರು ಬೇರೆ ಥರ ಕೆಡುತ್ತದೆ. ಪ್ರೋಟೀನು ಮುರಿದು ಅಮೋನಿಯಾ ಬರುತ್ತದೆ, ಪಿಎಚ್ ಏರುತ್ತದೆ, ಕ್ಷಾರವೂ ಚೆನ್ನಾಗಿ ಕಾಣುತ್ತದೆ, ಆದರೂ ಗ್ಯಾಸ್ ಬೀಳುತ್ತದೆ. ಅಮೋನಿಯಾ ಸಾರಜನಕ ಲೀಟರಿಗೆ 1,500 ಮಿಲಿಗ್ರಾಂ ದಾಟಿ, ಪಿಎಚ್ 7.4ಕ್ಕಿಂತ ಮೇಲಿದ್ದರೆ ಇದೇ ಕಾರಣ ಇರಬಹುದು. ಇಲ್ಲಿ ಸೋಡಾ ಹಾಕಿದರೆ ಇನ್ನಷ್ಟು ಕೆಡುತ್ತದೆ. ರಕ್ತದ ನೀರನ್ನು ಬೇರೆ ಹಿಡಿಯಿರಿ, ಉಳಿದದ್ದನ್ನು ಸಿಹಿನೀರಿನಿಂದ ತೆಳು ಮಾಡಿ.

## ಹಂತ 10: ಗ್ಯಾಸ್ ಮತ್ತು ಜೀವದ ಸುರಕ್ಷತೆ

ಜೀವಿಗಳು ತಿಂದು ಕರಗಿಸಿದ ಒಂದು ಕಿಲೋ ಸಿಒಡಿಗೆ ಲೆಕ್ಕದ ಪ್ರಕಾರ 0.35 ಘನಮೀಟರ್ ಮೀಥೇನ್. ನಮ್ಮ 60 ಕಿಲೋದಲ್ಲಿ 80 ಪ್ರತಿಶತ ಕರಗಿದರೆ ಸುಮಾರು 17 ಘನಮೀಟರ್ ಮೀಥೇನ್, ಬಯೋಗ್ಯಾಸ್ ಲೆಕ್ಕದಲ್ಲಿ 26. ಒಂದಿಷ್ಟು ನೀರಿನಲ್ಲೇ ಕರಗಿ ಹೋಗುತ್ತದೆ. ಕೈಗೆ 20 ಬಂದರೂ ದಿನಕ್ಕೆ 9 ಕಿಲೋ ಎಲ್‌ಪಿಜಿಗೆ ಸಮ. ಬಳಸಿ ಉಳಿದ ಗ್ಯಾಸನ್ನು ಹಾಗೇ ಗಾಳಿಗೆ ಬಿಡಬೇಡಿ, ಸುಟ್ಟುಬಿಡಿ. ಗ್ಯಾಸ್ ಮೊದಲು ತುಕ್ಕು ಹಿಡಿದ ಕಬ್ಬಿಣದ ಚೂರು ತುಂಬಿದ ಡಬ್ಬಿಯ ಮೂಲಕ ಹಾದರೆ ಹೈಡ್ರೋಜನ್ ಸಲ್ಫೈಡ್ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಒಲೆಗೆ ಮುಂಚೆ ಜ್ವಾಲೆ ಹಿಂದೆ ಬರದಂತೆ ತಡೆಯುವ ಸಾಧನ ಇರಲೇಬೇಕು. ಗಾಳಿಯಲ್ಲಿ ಮೀಥೇನ್ 5ರಿಂದ 15 ಪ್ರತಿಶತ ಇದ್ದರೆ ಸ್ಫೋಟ ಆಗುತ್ತದೆ.

ಖಾಲಿ ಮಾಡಿದ ಟ್ಯಾಂಕಿನೊಳಗೆ ಯಾರೂ ಇಳಿಯಬಾರದು. ಐದು ನಿಮಿಷಕ್ಕೂ ಬೇಡ, ಮೂಗಿಗೆ ಬಟ್ಟೆ ಕಟ್ಟಿಕೊಂಡೂ ಬೇಡ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಹತ್ತು ಲಕ್ಷದಲ್ಲಿ ನೂರು ಪಾಲು ಆದಾಗಲೇ ಮೂಗು ಸೋಲುತ್ತದೆ, ವಾಸನೆಯೇ ಗೊತ್ತಾಗುವುದಿಲ್ಲ. ಸಾವಿರ ಪಾಲು ಆದರೆ ಮನುಷ್ಯ ಕೆಲವೇ ಉಸಿರಿಗೆ ಕುಸಿಯುತ್ತಾನೆ. ಒಬ್ಬ ಬಿದ್ದನೆಂದು ಎತ್ತಲು ಹೋದ ಇನ್ನೊಬ್ಬನೂ ಅಲ್ಲೇ ಬೀಳುತ್ತಾನೆ. ಕೆಸರನ್ನು ಪಂಪಿನಿಂದ ಹೊರಗಿನಿಂದಲೇ ತೆಗೆಸಿ. ಇಳಿಯಲೇಬೇಕಾದ ದುರಸ್ತಿ ಬಂದರೆ ಉಸಿರಾಟದ ಉಪಕರಣ, ಸೊಂಟದ ಹಗ್ಗ, ಗಾಳಿ ಬೀಸುವ ಯಂತ್ರ ಇರುವ ತರಬೇತಾದವರನ್ನು ಕರೆಸಿ.

## ಹಂತ 11: ಹೊರಬಂದ ನೀರು ಇನ್ನೂ ಶುದ್ಧವಲ್ಲ

80 ಪ್ರತಿಶತ ಕರಗಿದರೂ 6,000ದಲ್ಲಿ 1,200 ಉಳಿಯುತ್ತದೆ. ಹೊಳೆಗೆ ಬಿಡಲು ಸಾಮಾನ್ಯ ಮಿತಿ, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ, ಸಿಒಡಿ 250, ಬಿಒಡಿ (ಸೂಕ್ಷ್ಮಜೀವಿಗಳು ಕೊಳೆಸಬಲ್ಲ ಪಾಲಿನ ಅಳತೆ) 30. ತೋಟಕ್ಕೆ ಹಾಯಿಸುವುದಾದರೆ ಬಿಒಡಿ 100. ನಿಮ್ಮ ಸಮ್ಮತಿ ಪತ್ರದಲ್ಲಿ ಏನು ಬರೆದಿದೆಯೋ ಅದೇ ಅಂತಿಮ. ಆದ್ದರಿಂದ ಗಾಳಿ ಊದುವ ಟ್ಯಾಂಕ್, ಅದರ ಹಿಂದೆ ಕೆಸರು ಕೂರುವ ಟ್ಯಾಂಕ್ ಇರಲೇಬೇಕು. ಮೀನಿನ ಘಟಕಗಳು ಅಮೋನಿಯಾವನ್ನೂ ಈ ಹಂತದಲ್ಲೇ ಇಳಿಸಬೇಕು. ಅಘನಾಶಿನಿಯ ಅಳಿವೆಯಲ್ಲಿ ಬಳಚು ಹೆಕ್ಕಿ ಬದುಕುವ ಮನೆಗಳಿವೆ. ನಾವು ಬಿಡುವ ನೀರು ಕೊನೆಗೆ ಹೋಗಿ ಸೇರುವುದು ಅಂಥ ಜಾಗಕ್ಕೇ.

## ಹಂತ 12: ಕೆಲಸವಿಲ್ಲದ ತಿಂಗಳು

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಹಣ್ಣಿನ ಘಟಕಗಳಿಗೂ ಬಿಡುವಿನ ಕಾಲ ಇದೆ. ಆಗ ಡೈಜೆಸ್ಟರ್ ಖಾಲಿ ಮಾಡಬೇಡಿ. ಈ ಕೆಸರು ಆಹಾರವಿಲ್ಲದೆ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ನೀರು ತುಂಬಿದ ಹಾಗೇ ಇರಲಿ, ಮುಚ್ಚಳ ಬಿಗಿಯಾಗಿರಲಿ, ಗ್ಯಾಸ್ ಸೋರದಂತೆ ನೀರಿನಿಂದಲೇ ತಡೆಯುವ ನೀರುಬೀಗ ಒಣಗದಿರಲಿ. ಮತ್ತೆ ಶುರು ಮಾಡುವಾಗ ಮೊದಲು ಅನುಪಾತ ನೋಡಿ. ಅದು 0.3ರ ಒಳಗಿದ್ದರೆ ಪೂರ್ತಿ ಹೊರೆಯ ಕಾಲು ಭಾಗದಿಂದ ಆರಂಭಿಸಿ, ಎರಡು-ಮೂರು ದಿನಕ್ಕೊಮ್ಮೆ ಏರಿಸಿ. ಎರಡು ತಿಂಗಳ ಕೆಲಸ ಈ ಸಲ ಎರಡು-ಮೂರು ವಾರಗಳಲ್ಲಿ ಮುಗಿಯುತ್ತದೆ.